ಎಡಗಾಲು

ಎರಡನೇ ಸಲವೂ ಜೀಪು ಬಂಡೆಯ ಅರ್ಧದವರೆಗೆ ಹತ್ತಿ, ಅಲ್ಲಿಂದ ಹಿಂದಕ್ಕೆ ಜಾರಿ ಹಳ್ಳದ ನೀರಿಗೆ ಬಿತ್ತು. ಮಹೇಶ್ವರಿ ಬ್ರೇಕ್ ಒತ್ತಿ ಹಿಡಿದಳು.

"ಏನೂ ಆಗಿಲ್ರಿ ವೈನಿ, ಗಾಡಿ ಗಟ್ಟಿ ಐತಿ," ಎಂದು ಸಾಜೀದ ದಂಡೆಯಿಂದ ಕೂಗಿದ. ಹಳೆಯ ಜೀಪು ಅವನದು. ಗಜೇಂದ್ರಗಡದ ತನ್ನ ಗ್ಯಾರೇಜಿನಲ್ಲಿ ಒಂದೊಂದೇ ಸಾಮಾನು ಕೂಡಿಸಿ ಕಟ್ಟಿದ್ದು.

ಸಾಜೀದ ಮತ್ತು ಅವಳ ಗಂಡ ಮಾಲತೇಶ ನಾಲ್ಕು ವರ್ಷದಿಂದ ರಜೆಯ ದಿನ ಈ ಕಲ್ಲುಹಳ್ಳಕ್ಕೆ ಬರುತ್ತಿದ್ದರು. ಮಹೇಶ್ವರಿ, ಅವಳ ಗೆಳತಿ ಉಮಾ ಹಿಂದಿನ ಸೀಟಿನಲ್ಲಿ ಬುತ್ತಿ ಹಿಡಿದುಕೊಂಡು ಕೂರುವವರು. ಶ್ರಾವಣದಲ್ಲಿ ಮಹೇಶ್ವರಿಗೆ ಲೈಸೆನ್ಸ್ ಬಂದಿತ್ತು. ಹಳ್ಳದ ಕರಾರು ಎಲ್ಲರಿಗೂ ಒಂದೇ: ಬಂಡೆಗೆ ಮೂರು ಸಲ. ಆಗದಿದ್ದರೆ ಹಿಂದಿನ ಸೀಟು, ಊರು ಮುಟ್ಟುವವರೆಗೆ. ಮಾಲತೇಶ ಬೆಳಿಗ್ಗೆ ಒಂದೇ ಸಲಕ್ಕೆ ಹತ್ತಿಸಿದ್ದ. ಜೀಪನ್ನು ಬಂಡೆ ಹತ್ತಿಸಿ, ತಾನೇ ನಡೆಸಿಕೊಂಡು ತಮ್ಮ ನೇಕಾರರ ಓಣಿಗೆ ಹೋಗಬೇಕೆಂದು ಅವಳ ಮನಸ್ಸಿನಲ್ಲಿತ್ತು. ಯಾರಿಗೂ ಹೇಳಿರಲಿಲ್ಲ.

"ಲೇ ಮಹೇಶಿ, ನಾ ಹಿಂದ ಅಡ್ಡ ಮಲಗೂದೈತಿ. ಸೋತು ಬಂದೀ ಅಂದ್ರ ಜಾಗಾ ಕೊಡೂದಿಲ್ಲ ನೋಡು!" ಎಂದಳು ದಂಡೆಯ ಮೇಲಿದ್ದ ಉಮಾ.

ಅವಳ ಪಕ್ಕ ನಿಂತಿದ್ದ ಮಾಲತೇಶ ನಕ್ಕ. "ಸಾಕು, ಇಳಿ. ಇದು ಸೀರಿ ನೇದಂಗ ಅಲ್ಲ."

ನೀರು ಗಾಲಿಗಳ ನಡುವೆ ಹರಿಯುತ್ತಿತ್ತು. ಗುಡ್ಡದ ಮೇಲೆ ಗಾಳಿಯಂತ್ರಗಳು ನಿಧಾನ ತಿರುಗುತ್ತಿದ್ದವು. ಹನ್ನೆರಡನೇ ವಯಸ್ಸಿನಿಂದ ಮಹೇಶ್ವರಿ ಕುಣಿಮಗ್ಗದಲ್ಲಿ, ನೆಲದ ಕುಣಿಗೆ ಕಾಲು ಇಳಿಬಿಟ್ಟು ಹಲಗೆ ತುಳಿಯುತ್ತ, ಕುಳಿತವಳು. ಅಲ್ಲಿ ಬಲಗಾಲು ಎದ್ದರೆ ಎಡಗಾಲು ತುಳಿಯಬೇಕು, ಎಡಗಾಲು ಎದ್ದರೆ ಬಲಗಾಲು. ಕಣ್ಣು ಸೆರಗಿನ ಮೇಲಿದ್ದರೂ ಕಾಲು ತಪ್ಪುವುದಿಲ್ಲ. ಬಂಡೆಯ ಮೇಲೆ ಗಾಲಿ ಎಗರಿದಾಗ ಬಲಗಾಲು ಎಕ್ಸಿಲರೇಟರಿನಿಂದ ತುಸು ಮೇಲೆದ್ದಿತ್ತು. ಆ ಕೂಡಲೇ ಎಡಗಾಲು, ಕೇಳದೆಯೇ, ಕ್ಲಚ್ ತುಳಿದಿತ್ತು; ಗಾಲಿಗೆ ಇಂಜಿನ್ನಿನ ಬಲ ತಪ್ಪಿ ಜೀಪು ಜಾರಿತ್ತು. ಎರಡೂ ಸಲ.

ಸೀರೆ ನೇಯ್ದ ಹಾಗೆಯೇ ಓಡಿಸಿದ್ದೆನಲ್ಲ, ಅನ್ನಿಸಿತು. ನಾಚಿಕೆಯಾಗಲಿಲ್ಲ. ಹದಿನೆಂಟು ವರ್ಷ ದುಡಿದ ಕಾಲು ಒಂದು ಮುಂಜಾನೆಯಲ್ಲಿ ಮಾತು ಕೇಳೀತೆ?

"ಸಾಜೀದಣ್ಣ, ಸಣ್ಣ ಗೇರಿಗೆ ಹಾಕಿ ಬಿಟ್ಟಮ್ಯಾಲ ಕ್ಲಚ್ ಮುಟ್ಟಬೇಕೇನ್ರಿ?"

"ಮುಟ್ಟಬ್ಯಾಡ್ರಿ. ಮ್ಯಾಲ ಹೋಗುಮಟ ಅದರ ಹೆಸರೂ ತಗೀಬ್ಯಾಡ್ರಿ."

ಅವಳು ಗೇರು ಹಾಕಿದಳು. ಕ್ಲಚ್ ಬಿಟ್ಟಳು. ಜೀಪು ನೀರಿನಲ್ಲಿ ತೆವಳತೊಡಗಿದ ಮೇಲೆ ಎಡಗಾಲನ್ನು ಎತ್ತಿ, ಮಡಚಿ, ತೊಡೆಯ ಕೆಳಗೆ ಸೇರಿಸಿ ಅದರ ಮೇಲೆ ಕುಳಿತಳು.

"ಏ, ಕಾಲೆಲ್ಲಿ ಇಟ್ಟೀ?" ಮಾಲತೇಶ ಗಾಬರಿಯಾಗಿ ಕೂಗಿದ.

"ಅದಕ್ಕ ಇವತ್ತ ರಜಾರಿ."

ಮುಂದಿನ ಗಾಲಿ ಬಂಡೆ ಹಿಡಿಯಿತು. ಆಕಾಶವಷ್ಟೇ ಕಾಣಿಸಿತು. ಅರ್ಧಕ್ಕೆ ಬಂದಾಗ ಹಿಂದಿನ ಗಾಲಿ ಕಿರುಗಲ್ಲು ಉಗುಳಿತು, ಜೀಪು ಪಕ್ಕಕ್ಕೆ ವಾಲಿತು. ಮಡಚಿದ ಕಾಲು ಅವಳ ಕೆಳಗೆ ತುಳಿಯಲು ಒದ್ದಾಡಿತು. ಅವಳು ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟಳು. ಇಂಜಿನ್ ಒಂದು ಕ್ಷಣ ಬಿಕ್ಕಿತು, ಆದರೆ ನಿಲ್ಲಲಿಲ್ಲ. ಗಾಲಿ ಎಲ್ಲಿಯೋ ಒಂದು ಅಂಚನ್ನು ಕಚ್ಚಿತು. ಆಕಾಶ ಕೆಳಗಿಳಿದು ಎದುರಿಗೆ ಜೋಳದ ಹೊಲ ಬಂತು. ಅವಳು ಗೇರು ತೆಗೆದು ಹ್ಯಾಂಡ್‌ಬ್ರೇಕ್ ಎಳೆದಳು.

ಕೆಳಗೆ ಉಮಾ ಸೀಟಿ ಹೊಡೆಯುತ್ತಿದ್ದಳು. ಸಾಜೀದ ಏದುಸಿರು ಬಿಡುತ್ತ ಬಂದು, "ಕಾಲು ಮಡಚಿ ಹತ್ತಿಸಿದ್ರಲ್ರೀ! ನಾನೂ ಹಿಂಗ ಮಾಡಿಲ್ಲ," ಎಂದ.

ಮಾಲತೇಶ ಕೊನೆಗೆ ಬಂದ. ಬಾಗಿಲ ಬಳಿ ನಿಂತು, "ಇಳಿತೀ ಏನು?" ಎಂದ.

"ಇಳಿಯೂದಿಲ್ರಿ. ಕಾಲು ಜೋಮ ಹಿಡದೈತಿ, ಅಷ್ಟ."

ಅವನು ಬಗ್ಗಿ, ಆ ಕಾಲನ್ನು ಮೆಲ್ಲಗೆ ಹೊರಗೆಳೆದು, ಎರಡೂ ಅಂಗೈಯಲ್ಲಿ ಹಿಡಿದು ತಿಕ್ಕತೊಡಗಿದ. ಸಾಜೀದ ಹಳ್ಳದ ಕಡೆ ಮುಖ ತಿರುಗಿಸಿದ. ಮಹೇಶ್ವರಿ ಇಂಜಿನ್ ಆರಿಸದೆ, ಸ್ಟೀರಿಂಗಿನ ಮೇಲೆ ಕೈಯಿಟ್ಟುಕೊಂಡು, ಊರಿನ ಹಾದಿ ನೋಡುತ್ತಿದ್ದಳು.