ಗಲ್ಲಾದ ಮೇಲೆ ಕೂತವನ ಪಾತ್ರ

ತೊಂಬತ್ತೇಳರಲ್ಲಿ ಮರಾಠಿ ನಾಡಿನ ಕೊಂಢವಾ ಬಡಾವಣೆಯ ಕಟ್ಟಡಗಳ ನಡುವೆ ಇನ್ನೂ ಖಾಲಿ ಜಾಗಗಳಿದ್ದವು. ಡಿಸೆಂಬರ್ ಸಂಜೆ ಅಲ್ಲಿ ಬೀದಿನಾಟಕಕ್ಕೆ ಕರೆಯಲು ತಮಟೆಯಂಥ ಹಲಗೆ ಬಾರಿಸಿದರೆ ನಾಲ್ಕು ಗಲ್ಲಿಯ ಜನ ಸ್ವೆಟರ್ ಹಾಕಿಕೊಂಡು ಬಂದು ಸೇರುತ್ತಿದ್ದರು. ಅಪೇಕ್ಷಾಗೆ ಆ ಕಾಲ ನೆನಪಾದಾಗಲೆಲ್ಲ ಆ ಸದ್ದು ಕೇಳಿದಂತಾಗುತ್ತದೆ.

ಆಗ ಅವಳು ಒಂಬತ್ತನೇ ತರಗತಿಯಲ್ಲಿದ್ದಳು. ಹತ್ತನೇ ತರಗತಿಯ ಶ್ಯಾಮ ಬಿಯರ್ ಕುಡಿದು ಪರೀಕ್ಷೆಗೆ ಬಂದು ಬೆಂಚಿನ ಮೇಲೇ ವಾಂತಿ ಮಾಡಿಕೊಂಡಿದ್ದ. ಅದಾದ ಮೇಲೆ ವಿಜಾಪುರದ ಕಡೆಯ ವಸಂತಿ ಟೀಚರ್ ಮಕ್ಕಳನ್ನು ಕಟ್ಟಿಕೊಂಡು ಮರಾಠಿಯಲ್ಲಿ ಒಂದು ಬೀದಿನಾಟಕ ಮಾಡಿಸಿದರು. ಎಳೆಯರಿಗೆ ಕುಡಿತ ಅಂಟುವುದು ಹೇಗೆ ಎಂಬುದೇ ಅದರ ಕಥೆ. ಬಾರ್ ಮಾಲೀಕನ ಪಾತ್ರಕ್ಕೆ ಯಾರೂ ಒಪ್ಪಲಿಲ್ಲ. ಅಪೇಕ್ಷಾ ತಾನು ಮಾಡುತ್ತೇನೆಂದಳು.

ಅವಳಿಗೆ ಅದು ಕಷ್ಟವೇ ಆಗಿರಲಿಲ್ಲ. ಉಡುಪಿಯ ಕಡೆಯಿಂದ ಬಂದ ಅವಳ ಅಪ್ಪ ಸದಾನಂದರ ಹೋಟೆಲು ಅದೇ ರಸ್ತೆಯಲ್ಲಿತ್ತು. ಮುಂದೆ ಊಟ-ತಿಂಡಿ, ಹಿಂದೆ ಬಾರ್. ದಿನವೂ ಶಾಲೆ ಬಿಟ್ಟ ಮೇಲೆ ಅವಳು ಅಪ್ಪ ಹಣ ಎಣಿಸುವ ಗಲ್ಲಾದ ಪಕ್ಕದಲ್ಲೇ ಕೂತು ಓದುತ್ತಿದ್ದಳು.

ನಾಟಕದ ದಿನ ಹೆಗಲಿಗೆ ಟವೆಲ್ ಹಾಕಿ, ಕನ್ನಡಕ ಹಣೆಗೇರಿಸಿ, ಶಾಲೆಯ ಚೀಲ ಹೊತ್ತ ಇಬ್ಬರು ಹುಡುಗರನ್ನು ಕರೆದು ಮೆಲ್ಲಗೆ, "ಹಿಂದಿನ ಬಾಗಿಲಿಂದ ಬನ್ನಿ, ಯಾರೂ ನೋಡುವುದಿಲ್ಲ" ಎಂದಳು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಸದಾನಂದರೂ ನಕ್ಕರು. ಅಕ್ಕಪಕ್ಕದವರು, ಅದೇ ಬಗೆಯಲ್ಲಿ ಟವೆಲ್, ಕನ್ನಡಕ ಹಾಕಿದ್ದ ತಮ್ಮತ್ತಲೇ ತಿರುಗಿದ್ದು ಕಂಡಾಗ ಅವರ ನಗು ನಿಂತಿತು. ಅಪ್ಪನ ಮುಖ ನೋಡಿದ ಮೇಲೆಯೇ ಅಪೇಕ್ಷಾಗೆ ತಾನೇನು ಮಾಡಿದೆನೆಂದು ತಿಳಿದದ್ದು.

ಮನೆಗೆ ಹೋಗುವಾಗ ಸ್ಕೂಟರ್ ನಿಲ್ಲಿಸಿ ಸದಾನಂದರು ಕೇಳಿದರು. "ನಾನು ಹಾಗೆ ಹೇಳಿದ್ದು ನೀನು ಯಾವಾಗ ಕೇಳಿದ್ದು?"

"ಯಾವಾಗಲೂ ಹೇಳ್ತೀರಲ್ಲ ಅಪ್ಪ."

ಅವರು ಸ್ಕೂಟರ್ ಮತ್ತೆ ಚಾಲೂ ಮಾಡಿದರು. ಮನೆಯಲ್ಲಿ ಅಮ್ಮ ಪ್ರೇಮಾವತಿ ಬೈಯಲು ಬಂದಾಗ, "ಅವಳಿಗೆ ಬೈಯಬೇಡ, ಬಡಿಸು" ಎಂದರು.

ಮರುದಿನ, ನಾಟಕದವರಲ್ಲ, ದಿನವೂ ಕುಡಿಯಲು ಬರುತ್ತಿದ್ದ ಶಾಲೆಯ ಹುಡುಗರು ಚೀಲ ಹೊತ್ತು ಹಿಂದಿನ ಬಾಗಿಲಿಗೆ ಬಂದರು. ಸದಾನಂದರು ಅವರನ್ನು ಮುಂದಕ್ಕೆ ಕರೆದು, ದೋಸೆ ಬೇಕಾದರೆ ತಿನ್ನಿ, ಬೇರೇನೂ ಸಿಗುವುದಿಲ್ಲ ಎಂದರು. ಹುಡುಗರು ಎದುರಿನ ಮಹಾಲಿಂಗನ ಬಾರಿಗೆ ಹೋದರು. ಮಹಾಲಿಂಗ ಸದಾನಂದರ ಊರಿನವನೇ, ಸ್ನೇಹಿತ. ಹುಡುಗರಿಗೆ ಕೊಡಬೇಡ ಎಂದು ಸದಾನಂದರು ಹೋಗಿ ಕೇಳಿದ್ದಕ್ಕೆ, "ನಿಮ್ಮ ಮಗಳು ನಾಟಕ ಆಡಿದ್ದಕ್ಕೆ ನಾನು ಎಂತಕ್ಕೆ ಗಿರಾಕಿ ಬಿಡಬೇಕು?" ಎಂದ. ಇಬ್ಬರ ನಡುವೆ ಬಹಳ ಕಾಲ ಮಾತು ನಿಂತಿತು.

ಆ ವಾರವೇ ವಸಂತಿ ಟೀಚರ್ ಹೋಟೆಲಿಗೆ ಬಂದರು. "ಸಿಟ್ಟ ಮಾಡ್ಕೋಬ್ಯಾಡ್ರಿ ಅಣ್ಣಾರ. ಮುಂದಿನ ವರ್ಷ ಆ ಪಾತ್ರ ತಗದ ಬಿಡ್ತೀನ್ರಿ."

"ತೆಗೆಯುವುದು ಬೇಡ ಟೀಚರ್. ನಾನೇ ಮಾಡ್ತೇನೆ. ಅವಳು ಮಾಡಿದರೆ ಜನ ನಗ್ತಾರೆ."

ಮರುವರ್ಷ ಹಿಂದಿನ ಬಾಗಿಲಿನ ಅದೇ ಮಾತನ್ನು ಅವರು ತಮ್ಮ ಉಡುಪಿ ಧಾಟಿಯ ಮರಾಠಿಯಲ್ಲಿ ಹೇಳಿದಾಗ ಯಾರೂ ನಗಲಿಲ್ಲ. ಕೊನೆಗೆ ಟವೆಲ್ ತೆಗೆದು, "ಇದು ನಾಟಕದ ಮಾತಲ್ಲ, ನನ್ನ ಅಂಗಡಿಯಲ್ಲಿ ನಾನೇ ಆಡುತ್ತಿದ್ದ ಮಾತು. ಈಗ ಬಿಟ್ಟಿದ್ದೇನೆ" ಎಂದರು. ಮುಂದೆ ಕೂತಿದ್ದ ತಾಯಂದಿರು ಪಕ್ಕದಲ್ಲಿದ್ದ ತಮ್ಮ ಮಕ್ಕಳನ್ನು ತಿರುಗಿ ನೋಡಿದರು.

ಅಲ್ಲಿಂದ ಮುಂದೆ ಪ್ರತಿ ಡಿಸೆಂಬರ್ ನಾಟಕದ ತಂಡ ಬೇರೆ ಬೇರೆ ಕಡೆ ತಿರುಗಿತು. ಮಾರ್ಕೆಟ್ ಯಾರ್ಡಿನ ಹಮಾಲರ ವಸತಿಯಲ್ಲಿ ಲಾರಿಯ ಹೆಡ್‌ಲೈಟ್ ಬೆಳಕಿನಲ್ಲಿ ಆಡಿದರು. ಒಂದು ವರ್ಷ ಮಹಾಲಿಂಗ ಗುಂಪಿನ ಹಿಂದೆ ನಿಂತು ನೋಡಿ, ಮುಗಿಯುವ ಮೊದಲೇ ಹೊರಟುಹೋದ. ಅವನು ಬದಲಾದನೋ ಇಲ್ಲವೋ ಗೊತ್ತಾಗಲಿಲ್ಲ. ಆದರೆ ಸಂಕ್ರಾಂತಿಗೆ ಎಳ್ಳುಂಡೆ ಹಿಡಿದು ಸದಾನಂದರ ಮನೆಗೆ ಬಂದ.

ಅಪೇಕ್ಷಾಗೆ ಹೆಚ್ಚು ನೆನಪಿರುವುದು ಭೋರ್ ಎಂಬ ಊರಿನಲ್ಲಿ ನಾಟಕ ಆಡಿ ಹಿಂದಿರುಗಿದ ಸಂಜೆ. ಟೆಂಪೋದ ಹಿಂಬದಿಯಲ್ಲಿ ಎಲ್ಲರೂ ಒತ್ತಿಕೊಂಡು ಕೂತಿದ್ದರು. ಬೆಟ್ಟದ ಗಾಳಿ ಬೀಸುತ್ತಿತ್ತು. ಮಕ್ಕಳು ಶೇಂಗಾ ಸುಲಿಯುತ್ತ, ಅಪ್ಪನ ಮರಾಠಿಯನ್ನು ಅವರೆದುರೇ ಅಣಕಿಸುತ್ತಿದ್ದರು. ಅಪ್ಪ ಅವರ ಅಣಕದ ತಪ್ಪು ತಿದ್ದಿಕೊಡುತ್ತ, ತಾವೂ ಮನಸಾರೆ ನಗುತ್ತಿದ್ದರು.