ಅರಿಶಿನ ಜಜ್ಜಿದ ಕಲ್ಲು

ಹಸಿ ಅರಿಶಿನದ ಕೊಂಬುಗಳನ್ನು ಅರ್ಧದಷ್ಟು ಜಜ್ಜಿ ಮುಗಿಸಿದ್ದೆ. ಅಡುಗೆಮನೆಯ ಬಿಳಿ ಕೌಂಟರಿಗೆ ಕಲೆ ಹತ್ತಿದರೆ ಹೋಗುವುದಿಲ್ಲವೆಂದು ಸೊಸೆ ಕ್ಷಮಾ ಹೇಳಿದ ಮೇಲೆ ಆ ಕೆಲಸ ಹಿತ್ತಲಿಗೆ ಹೋಗಿತ್ತು. ಹಿತ್ತಲ ಬೇಲಿಯ ಸಣ್ಣ ಗೇಟು ದಾಟಿದರೆ ನನ್ನ ಬಸಳೆ ಚಪ್ಪರ, ಅದರ ಬುಡದಲ್ಲಿ ಒಂದು ಅಗಲವಾದ ಕಲ್ಲು. ಉಪ್ಪಿನಕಾಯಿಗೆ ಬೇಕಾದ ಅರಿಶಿನವನ್ನು ಅದರ ಮೇಲಿಟ್ಟು ಜಜ್ಜುವುದು. ಜಜ್ಜಿ ಜಜ್ಜಿ ಕಲ್ಲೇ ಹಳದಿಯಾಗಿತ್ತು. ಪಕ್ಕದ ಚೆಂಡುಹೂವಿನ ಎಸಳುಗಳು ಅದರ ಮೇಲೆ ಉದುರುತ್ತಿದ್ದವು.

ಆ ಜಾಗ ನಮ್ಮದಲ್ಲ. ನನಗದು ಗೊತ್ತಿರಲಿಲ್ಲ, ಮಗ ಮಧುಸೂದನನಿಗೆ ಗೊತ್ತಿತ್ತು. ಅವನು ಕೆಲಸ ಮಾಡುವ ಯೂನಿಯನ್‌ವಿಲ್‌ನಿಂದ ಉತ್ತರಕ್ಕೆ ಬಂದರೆ ಈಗಲೂ ಕುದುರೆ ಸಾಕುವ ಫಾರ್ಮುಗಳಿವೆ. ಅಲ್ಲಿಯವರು ಕಾಡಿಗೆ ಹೋಗುತ್ತಿದ್ದ ಟೌನಿನ, ಎಂದರೆ ಇಲ್ಲಿಯ ಪುರಸಭೆಯ, ಹಳೆಯ ಕುದುರೆದಾರಿ ನಮ್ಮ ಮನೆಸಾಲಿನ ಹಿಂದೆಯೇ ಹಾದುಹೋಗುತ್ತಿತ್ತು. ಮನೆಗಳು ಎದ್ದ ಮೇಲೆ ಒಬ್ಬರು ಅದರ ಮೇಲೆ ಶೆಡ್ ಇಟ್ಟರು, ಇನ್ನೊಬ್ಬರು ಮಕ್ಕಳಿಗೆ ಟ್ರ್ಯಾಂಪೊಲಿನ್ ಇಟ್ಟರು, ನನ್ನ ಮಗ ಬಸಳೆ ಚಪ್ಪರ ಹಾಕಿಕೊಟ್ಟ. ದಾರಿ ಮುಚ್ಚಿತು. ಕುದುರೆಯವರು ಜಲ್ಲಿ ಲಾರಿಗಳು ಓಡಾಡುವ ದೊಡ್ಡ ರಸ್ತೆಯ ಅಂಚು ಹಿಡಿಯಬೇಕಾಯಿತು. ಈಗ ಅವರೆಲ್ಲ ಒಟ್ಟಾಗಿ, ದಾರಿ ಬಿಡಿಸಿಕೊಡಿ, ಕೆಸರಿದ್ದ ಕಡೆ ಮಣ್ಣು ತುಂಬಿಸಿ ಎಂದು ಟೌನಿಗೆ ಅರ್ಜಿ ಕೊಟ್ಟು ಮನೆಮನೆಗೆ ಹೋಗಿ ಸಹಿ ಕೇಳುತ್ತಿದ್ದರು.

ನಾನು ಜಜ್ಜುತ್ತಿದ್ದಾಗ ಬಂದವಳು ಟೌನ್ ಆಫೀಸಿನ ಹುಡುಗಿ. ಜೊತೆಯಲ್ಲಿ ಡೋರೀನ್ ಎಂಬ ನರೆಗೂದಲಿನ ಹೆಂಗಸು, ಸಹಿ ಕೇಳುತ್ತಿದ್ದವರ ಮುಂದಾಳು. ನಾನು ಬಟ್ಟಲು ಎತ್ತಿಕೊಂಡು ಪಕ್ಕಕ್ಕೆ ಸರಿದೆ. ಹುಡುಗಿ ಅಳತೆಯ ಟೇಪು ಹಿಡಿದು ಮುಂದೆ ಬಂದವಳು ಹಳದಿ ಕಲ್ಲನ್ನೂ ಹೂವಿನ ಎಸಳನ್ನೂ ನೋಡಿ ತಟ್ಟನೆ ಹಿಂದೆ ಸರಿದು, ಅವರನ್ನು ಕರೆತಂದಿದ್ದ ಮಗನನ್ನು ಏನೋ ಕೇಳಿದಳು. ಅವನು ಹೇಳಿದ ಇಂಗ್ಲಿಷಿನಲ್ಲಿ ‘ನನ್ನ ಅಮ್ಮ’, ‘ದಿನಾ’, ‘ದೇವರು’ ಎಂಬಷ್ಟು ನನಗೆ ತಿಳಿಯಿತು. ಅವರು ಕಲ್ಲಿಗೆ ತಲೆ ಬಾಗಿಸಿದಂತೆ ಮಾಡಿ ಹೊರಟುಹೋದರು.

“ಎಂತ ಹೇಳಿದ್ದು ಮಗಾ ಅವ್ರಿಗೆ?”

“ನಾಗನ ಕಲ್ಲು ಅಂತ ಹೇಳ್ದೆ. ರಿಲಿಜನ್ ಅಂದ್ರೆ ಇಲ್ಲಿ ಯಾರೂ ಮುಟ್ಲಿಕ್ಕೆ ಬರುದಿಲ್ಲ. ನಿನ್ನ ಬಸಳೆ ಉಳೀತಲ್ಲ.”

“ನಾನು ಅರಿಶಿನ ಜಜ್ಜುದು ಮಾರಾಯ ಅದ್ರಲ್ಲಿ.”

“ಅದು ಅವ್ರಿಗೆ ಗೊತ್ತುಂಟಾ?”

“ನಾಗನಿಗೆ ಗೊತ್ತುಂಟಲ್ಲ.”

ಅವನ ನಗು ಅಲ್ಲಿಗೇ ನಿಂತಿತು. ನಮ್ಮ ಉಡುಪಿ ಕಡೆ ನಾಗನ ಹೆಸರನ್ನು ಸುಮ್ಮನೆ ಯಾರೂ ಎತ್ತುವುದಿಲ್ಲ. ನಂಬದವರೂ ಎತ್ತುವುದಿಲ್ಲ. ಇವನು ಬಸಳೆಗಾಗಿ ಎತ್ತಿದ್ದ. ಸಾಲದೆ, ‘ಇದು ನನ್ನ ತಾಯಿ ನಿತ್ಯ ಪೂಜಿಸುವ ಸ್ಥಳ’ ಎಂದು ನನ್ನ ಹೆಸರಲ್ಲಿ ಬರೆದು ಟೌನಿಗೆ ಕಳಿಸಿಯೂ ಬಿಟ್ಟ. ಕುದುರೆದಾರಿಯ ಕೆಲಸ ನಿಂತಿತು. ಶೆಡ್ಡಿನ ಮನೆಯಾತ ತನ್ನ ಶೆಡ್ಡೂ ಉಳಿದ ಖುಷಿಗೆ ಒಂದು ಡಬ್ಬಿ ಕುಕ್ಕೀಸ್ ತಂದುಕೊಟ್ಟು ನನಗೆ ಕೈಮುಗಿದ. ನಾನೂ ಕೈಮುಗಿದೆ, ಬೇರೇನು ಮಾಡುವುದೆಂದು ತೋಚದೆ.

ಸುದ್ದಿ ವಾಟ್ಸ್ಯಾಪಿನಲ್ಲಿ ಮಿಸಿಸಾಗ ಮುಟ್ಟಿತು. ಅಲ್ಲಿಂದ ನಮ್ಮ ಉಡುಪಿ ಕಡೆಯವರೇ ಆದ ತುಕ್ರಣ್ಣ ಹೆಂಡತಿಯೊಂದಿಗೆ ಹಾಲು, ಎಳನೀರು ಹಿಡಿದುಕೊಂಡು ಬಂದರು. ರಿಟೈರ್ ಆದವರು, ಮಂಡಿನೋವಿನ ಮನುಷ್ಯ.

“ನಳಿನಾಕ್ಷಿ ಅಕ್ಕ, ಊರು ಬಿಟ್ಟ ಮೇಲೆ ನಾಗನಿಗೆ ಒಂದು ತೊಟ್ಟು ಹಾಲು ಹಾಕ್ಲಿಕ್ಕೆ ಆಗ್ಲಿಲ್ಲ. ನಿಮ್ಮಿಂದ ಆಯ್ತು,” ಎಂದು ಆ ಮಂಡಿಯನ್ನೇ ಊರಿ ಕೂತರು. ಕಲ್ಲಿನ ಸಂದಿಯಲ್ಲಿ ಅರಿಶಿನದ ನಾರು ಸಿಕ್ಕಿಕೊಂಡಿತ್ತು. ಅದರ ಮೇಲೆ ಹಾಲು ಹರಿಯಿತು. ನಾನು ನೋಡುತ್ತಾ ನಿಂತಿದ್ದೆ. ಒಳಗೆ ಕರೆದು ಊಟಕ್ಕೆ ಬಡಿಸಿದೆ. ಅನ್ನಕ್ಕೆ ಕಲಸಿದ ಬಸಳೆ ಕೊದ್ದೆಲು ಚಪ್ಪರಿಸಿ, “ಪ್ರಸಾದದ ಹಾಗೆ ಉಂಟು,” ಎಂದರು.

ಅವರು ಹೋದ ಮೇಲೆ ಮಗನಿಗೆ ಹೇಳಿದೆ, “ಟೌನಿಗೆ ಬರಿ. ಅದು ನಾಗನ ಕಲ್ಲು ಅಲ್ಲ ಅಂತ ಬರಿ.”

ಅವನು ಬರೆದ. ಕ್ಷಮಾ ಕನ್ನಡದಲ್ಲಿ ಓದಿ ಹೇಳಿದಳು. ಕಲ್ಲನ್ನು ಶಾಸ್ತ್ರೋಕ್ತವಾಗಿ ಬೇರೆಡೆಗೆ ಸಾಗಿಸಿದ್ದೇವೆ, ಇನ್ನು ನಮ್ಮ ಆಕ್ಷೇಪವಿಲ್ಲ ಎಂದಿತ್ತು. ಕೆಳಗೆ ನನ್ನ ಸಹಿಗೆ ಜಾಗ.

“ಇದಕ್ಕೆ ನಾನು ಸಹಿ ಹಾಕುದಿಲ್ಲ.”

“ಅತ್ತೆ, ಕೆಲಸ ಆದ್ರೆ ಆಯ್ತಲ್ಲ,” ಎಂದಳು ಕ್ಷಮಾ. “ಅವ್ರಿಗೆ ದಾರಿ ಸಿಗ್ತದೆ, ಇವ್ರ ಮರ್ಯಾದೆಯೂ ಉಳೀತದೆ.”

“ಟೌನಿನವರ ಎದುರು ನಾನು ಸುಳ್ಳ ಆಗ್ಬೇಕಾ ಅಮ್ಮ?” ಎಂದು ಮಗ ಕೇಳಿದ.

“ಆಗಿ ಆಯ್ತಲ್ಲ ಮಗಾ. ಅವ್ರಿಗೆ ಗೊತ್ತಿಲ್ಲ ಅಷ್ಟೆ.”

ಕಾಗದ ಮೈಕ್ರೋವೇವಿನ ಹಿಂದೆ, ಅಂಚು ಕಾಣುವಂತೆ, ಒರಗಿ ಕುಳಿತಿತು. ನಾನು ಮತ್ತೆ ಆ ಮಾತು ಎತ್ತಲಿಲ್ಲ. ಒತ್ತಿದರೆ ಅವನು ಇನ್ನೊಂದು ಜಾಣತನ ಮಾಡಿಯಾನು ಎಂದು ಭಯ. ಹಾಲು ಬಿಸಿ ಮಾಡುವಾಗೆಲ್ಲ ಅದು ಅವನ ಕಣ್ಣಿಗೆ ಬೀಳುತ್ತಿತ್ತು, ಅವನು ಫೋನು ನೋಡುತ್ತಿದ್ದ. ಹಾಗೇ ಬೇಸಿಗೆ ಮುಗಿಯಿತು.

ಮೇಪಲ್ ಎಲೆ ಕೆಂಪಾಗುವ ಹೊತ್ತಿಗೆ ಡೋರೀನ್ ಬಂದಳು. ಬಲಗೈಯನ್ನು ಕುತ್ತಿಗೆಗೆ ಕಟ್ಟಿದ್ದ ಪಟ್ಟಿಯಲ್ಲಿ ಇಳಿಬಿಟ್ಟಿದ್ದಳು. ದೊಡ್ಡ ರಸ್ತೆಯಲ್ಲಿ ಲಾರಿಯವನು ಹಾರ್ನ್ ಹೊಡೆದನಂತೆ, ಕುದುರೆ ಬೆದರಿ ಎದ್ದು ನಿಂತಿತಂತೆ. ಇವಳು ಬಿದ್ದು ಹೆಗಲೆಲುಬು ಮುರಿದಿತ್ತು. ಕುದುರೆಗೆ ಏನೂ ಆಗಿರಲಿಲ್ಲ. ಅದನ್ನವಳು ಎರಡು ಸಲ ಹೇಳಿದಳು. ಮಗ ಅಂದು ಮನೆಯಿಂದಲೇ ಕೆಲಸ ಮಾಡುತ್ತಿದ್ದ. ಅವಳು ಹೇಳಿದ್ದನ್ನು ನನಗೆ ಕನ್ನಡದಲ್ಲಿ ತಿಳಿಸುತ್ತಾ ಹಿತ್ತಲಿಗೆ ಬಂದ.

ಬೇಲಿಯ ಗೇಟಿನ ಹತ್ತಿರ ಡೋರೀನ್ ನಿಂತು, ಒಂದು ಕಾಲಿನ ಹಿಮ್ಮಡಿಯಿಂದ ಇನ್ನೊಂದನ್ನು ಒತ್ತಿ, ತನ್ನ ಎತ್ತರದ ಸವಾರಿ ಬೂಟುಗಳನ್ನು ಕಳಚಿದಳು. ಒದ್ದೆ ಹುಲ್ಲಿನ ಮೇಲೆ ಬರೀ ಕಾಲುಚೀಲದಲ್ಲಿ ಕಲ್ಲಿನವರೆಗೆ ಬಂದಳು. ಎಡಗೈಯಿಂದ ಒಂದು ನಕ್ಷೆ ಬಿಡಿಸಿದಳು. ದಾರಿಯನ್ನು ಕಲ್ಲಿನಿಂದ ದೂರಕ್ಕೆ ತಿರುಗಿಸಿ ಕೆಳಗಿನ ಜೌಗಿನಲ್ಲಿ ಒಯ್ಯುವುದೆಂದು ಅದರಲ್ಲಿ ಬರೆದಿತ್ತು. ಜೌಗು ತುಂಬಿಸುವ ಕೆಲಸವನ್ನು ಅವರೇ ಕೈಯಾರೆ ಮಾಡುತ್ತಾರಂತೆ.

ಅವಳು ನನ್ನನ್ನೇ ನೋಡಿ ಏನೋ ಕೇಳಿದಳು. ನಾನು ಮಗನ ಕಡೆ ತಿರುಗಿದೆ.

“ಎಂತ ಕೇಳಿದ್ದು?”

“ಎಷ್ಟು ದೂರ ಬಿಟ್ರೆ ನಿಮ್ಮ ದೇವರಿಗೆ ಸಮಾಧಾನ ಅಂತ.” ಅವನು ಅವಳ ನೆನೆದ ಕಾಲುಚೀಲವನ್ನೇ ನೋಡುತ್ತಿದ್ದ.

ನಾನು ಅವನಿಗಾಗಿ ಸ್ವಲ್ಪ ಹೊತ್ತು ಕಾದೆ. ಕೊನೆಗೆ ನನ್ನ ಬಳಿ ಇದ್ದಷ್ಟು ಇಂಗ್ಲಿಷನ್ನೇ ತೆಗೆದೆ.

“ನೋ ಗಾಡ್. ಸ್ಟೋನ್ ಫಾರ್ ಟರ್ಮರಿಕ್. ಪಿಕಲ್.”

ಡೋರೀನ್ ಮಗನ ಮುಖ ನೋಡಿದಳು. ಅವನು ತಲೆ ತಗ್ಗಿಸಿ “ಸಾರಿ” ಎಂದ. ಅವಳು ಬೈಯುತ್ತಾಳೆಂದು ನಾನು ಕಾದಿದ್ದೆ. ಅವಳು ನಕ್ಷೆ ಮಡಿಸಲು ನೋಡಿದಳು, ಒಂದೇ ಕೈಯಲ್ಲಿ ಆಗಲಿಲ್ಲ. ಮಗ ಇನ್ನೊಂದು ಅಂಚು ಹಿಡಿದ. ಬೂಟು ಹಾಕುವುದಕ್ಕೂ ಆಗಲಿಲ್ಲ. ಕಳಚುವುದು ಸುಲಭವಿತ್ತು, ಏರಿಸಲು ಎರಡು ಕೈ ಬೇಕಿತ್ತು. ಅವನು ಹುಲ್ಲಿನ ಮೇಲೆ ಮಂಡಿಯೂರಿ ಬೂಟು ಹಿಡಿದುಕೊಂಡ. ಅವಳು ಅವನ ಹೆಗಲ ಮೇಲೆ ಕೈಯಿಟ್ಟು ಕಾಲು ತೂರಿಸಿದಳು. ಆಮೇಲೆ ಮೆಲ್ಲಗೆ ಎರಡು ಮಾತು ಹೇಳಿ ಹೋದಳು.

“ಎಂತ ಹೇಳಿದ್ದು?”

“ನನ್ನ ಕುದುರೆಗೆ ಉಪ್ಪಿನಕಾಯಿಯ ಮೇಲೆ ಸಿಟ್ಟಿಲ್ಲ ಅಂತ. ಮುಂದಿನ ಮೀಟಿಂಗಿನ ಮೊದಲು ಟೌನಿಗೆ ಬರೆದು ತಿಳಿಸಿ ಅಂತ.”

ಮರುದಿನ ಬೆಳಿಗ್ಗೆ ಅವನು ಮೈಕ್ರೋವೇವಿನ ಹಿಂದಿನ ಕಾಗದ ಹರಿದು ಹಾಕಿ ಹೊಸದನ್ನು ಬರೆಯಲು ಕುಳಿತ. ಅವನ ಕಾಫಿ ಆರಿಹೋಯಿತು.

“ಅಮ್ಮ, ತಪ್ಪು ತಿಳುವಳಿಕೆಯಿಂದ ಹೀಗಾಯ್ತು ಅಂತ ಬರೀಲಾ?”

“ಯಾರ ತಪ್ಪು ತಿಳುವಳಿಕೆ?”

ಅವನು ಅದನ್ನು ಅಳಿಸಿದ.

“ಇದೆಲ್ಲ ಟೌನಿನ ವೆಬ್‌ಸೈಟಲ್ಲಿ ಹಾಕ್ತಾರೆ ಅತ್ತೆ. ಆಫೀಸಲ್ಲಿ ಯಾರಾದ್ರೂ ಓದಿದ್ರೆ?” ಎಂದಳು ಕ್ಷಮಾ.

“ಓದ್ಲಿ,” ಎಂದ ಮಗ. ಆ ಮಾತಿನಲ್ಲಿ ಧೈರ್ಯವಿರಲಿಲ್ಲ, ಸುಸ್ತು ಇತ್ತು. “ನಾನು ಸುಳ್ಳು ಹೇಳಿದೆ ಅಂತಲೇ ಬರ್ದಿದ್ದೇನೆ. ಚಪ್ಪರ ಬಿಚ್ಚಿ ಜಾಗ ಬಿಡ್ತೇವೆ ಅಂತಲೂ. ಇನ್ನೆಂತ ಬೇಕು?”

“ಇನ್ನೊಂದು ಸಾಲು ಹಾಕು. ತಾಯಿಗೂ ಗೊತ್ತಿತ್ತು, ಬಾಯಿ ಬಿಡ್ಲಿಲ್ಲ ಅಂತ.”

ಅವನು ನನ್ನನ್ನು ನೋಡಿ ಆ ಸಾಲನ್ನೂ ಬರೆದ. ಅವನ ಸಹಿಯ ಕೆಳಗೆ ನಾನು ಕನ್ನಡದಲ್ಲಿ ಸಹಿ ಮಾಡಿದೆ.

ಲಕೋಟೆ ಅಂಟಿಸಿದ ಮೇಲೆ ತುಕ್ರಣ್ಣನಿಗೆ ಫೋನು ಮಾಡಿದ. ಸ್ಪೀಕರ್ ಹಾಕಬೇಡ ಎಂದರೂ ಹಾಕಿದ. ತುಕ್ರಣ್ಣ ಎಲ್ಲ ಕೇಳಿಸಿಕೊಂಡರು.

“ನಾನು ಹಾಲು ಹೊಯ್ದೆ ಮಾರಾಯ,” ಎಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. “ಅಕ್ಕನೂ ಪಕ್ಕದಲ್ಲೇ ಇದ್ರಲ್ಲ.”

ಅಷ್ಟಕ್ಕೇ ಫೋನಿಟ್ಟರು. ನಾನು ಎದ್ದು ಚಪ್ಪಲಿ ಮೆಟ್ಟಿಕೊಂಡೆ.

ಟಪಾಲು ಪೆಟ್ಟಿಗೆ ರಸ್ತೆಯ ತಿರುವಿನಲ್ಲಿದೆ, ಸಾಲುಮನೆಯವರಿಗೆಲ್ಲ ಅದೊಂದೇ. ಅವನು ಮುಂದೆ, ನಾನು ಹಿಂದೆ ನಡೆದೆವು. ಲಕೋಟೆಯನ್ನು ಸೀಳಿನಲ್ಲಿ ಅರ್ಧ ತೂರಿಸಿ ಅವನ ಕೈ ನಿಂತಿತು. ಅದೇ ಹೊತ್ತಿಗೆ ಶೆಡ್ಡಿನ ಮನೆಯಾತ ಕಾರು ನಿಧಾನ ಮಾಡಿ, ಗಾಜು ಇಳಿಸಿ, ನನ್ನ ಕಡೆಗೆ ಕೈಮುಗಿದ.

ನಾನು ಕೈಮುಗಿಯಲಿಲ್ಲ. ಅದನ್ನು ಮಗ ನೋಡಿದ. ಕಿವಿಯ ತನಕ ಕೆಂಪಾಗಿದ್ದ ಅವನು ಆ ಕಡೆಗೆ ಬೆನ್ನು ತಿರುಗಿಸಿ ಲಕೋಟೆಯನ್ನು ಒಳಕ್ಕೆ ನೂಕಿಬಿಟ್ಟ.