ಇಮಾಮಸಾಬನ ಸೊನ್ನೆ

ನಾನು ಡೀಸೆಲ್ ಅಳೆಯುವ ಒಂದು ಮೀಟರು. ಮೊದಲೇ ಹೇಳಿಬಿಡುತ್ತೇನೆ, ನನಗೆ ಹೊಟ್ಟೆಕಿಚ್ಚು ಜಾಸ್ತಿ. ಬೆಳಗಾವಿಯ ಫೌಂಡ್ರಿಯೊಂದರಲ್ಲಿ ಬೀಡುಕಬ್ಬಿಣ ಕರಗಿಸಿ ನನ್ನನ್ನು ಎರಕ ಹೊಯ್ದರು. ಒಳಗೆ ಮೊಟ್ಟೆಯಾಕಾರದ ಎರಡು ಹಲ್ಲುಗಾಲಿಗಳು. ಡೀಸೆಲ್ ಹರಿದಂತೆ ಅವು ತಿರುಗುತ್ತವೆ, ಅವು ತಿರುಗಿದಂತೆ ಮುಖದ ಮೇಲಿನ ಅಂಕಿಗಳು ಟಕ್ ಟಕ್ ಎಂದು ಉರುಳುತ್ತವೆ. ಅಲ್ಲಿಯೂ ಪಕ್ಕದ ಮೀಟರಿಗೆ ನನಗಿಂತ ಒಂದು ಕೈ ಹೆಚ್ಚು ಬಣ್ಣ ಬಳಿದಿದ್ದರು. ಅದನ್ನು ನಾನಿನ್ನೂ ಮರೆತಿಲ್ಲ.

ಗದಗಿನ ಹೊಂಬಳ ಸಾಹುಕಾರರು ತಮ್ಮ ಬಸ್ ಶೆಡ್ಡಿಗೆ ನನ್ನನ್ನು ತಂದರು. ಅಲ್ಲಿ ಡೀಸೆಲ್ ಹಾಕುವವನು ಇಮಾಮಸಾಬ. ದಿನಾ ಬೆಳಿಗ್ಗೆ ಹೆಗಲ ಟವೆಲ್ಲಿನ ತುದಿಯಿಂದ ನನ್ನ ಗಾಜು ಒರೆಸಿ, "ಬಿಸ್ಮಿಲ್ಲಾ" ಎಂದು ಪಕ್ಕದ ಹಿಡಿ ತಿರುಗಿಸಿ ಅಂಕಿಗಳನ್ನು ಸೊನ್ನೆಗೆ ತರುತ್ತಿದ್ದ. ಇಪ್ಪತ್ತೆರಡು ವರ್ಷ! ನನ್ನ ಹಿಂದೆ ಒಂದು ಕರಿ ಡಬ್ಬಿಯಿತ್ತು. ನೆಲದೊಳಗಿನ ಹಳೇ ಪೈಪು ಡೀಸೆಲ್ಲಿನ ಜೊತೆ ಗಾಳಿಯನ್ನೂ ಎಳೆಯುತ್ತಿತ್ತು. ಆ ಗಾಳಿಯನ್ನು ಡಬ್ಬಿ ಹೊರಗೆ ಬಿಡುತ್ತಿತ್ತು. ತೇಗುವುದೇ ಅದರ ಕೆಲಸ. ಅದನ್ನು ನಾನು ಮಾತಾಡಿಸುತ್ತಲೇ ಇರಲಿಲ್ಲ.

ಆಮೇಲೆ ಬಂತು ನೋಡಿ, ಆ ಡಿಜಿಟಲ್ ಮೀಟರು! ಕೆಂಪು ಅಂಕಿ, ಗುಂಡಿ ಒತ್ತಿದರೆ ಸೊನ್ನೆ. ಡ್ರೈವರುಗಳೆಲ್ಲ ಮದುಮಗಳನ್ನು ನೋಡುವಂತೆ ಸುತ್ತ ನಿಂತರು. ಜೋಡಿಸಲು ಬಂದವನು ನನ್ನನ್ನೂ ಡಬ್ಬಿಯನ್ನೂ ಕಿತ್ತು ಗೋಡೆಯ ಹಲಗೆಗೆ ಒಗೆದ. ಇಮಾಮಸಾಬ ಹೊಸದರ ಗಾಜು ಒರೆಸುವುದನ್ನು ಅಲ್ಲಿಂದಲೇ ನೋಡಿದೆ. ಅದೇ ಟವೆಲ್ಲು! ಮೈಯೆಲ್ಲ ಉರಿಯಿತು.

ಹದಿನೈದು ದಿನ ಕಳೆದಿರಬೇಕು. ಮುಂಡರಗಿ ಬಸ್ಸು ಡೀಸೆಲ್ ಮುಗಿದು ಜನರ ಸಮೇತ ದಾರಿಯಲ್ಲೇ ನಿಂತಿತು.

"ಅರವತ್ತು ಲೀಟರ್ ಹಾಕೇನಿ ಅಂತ ಬರದೀಯಲ್ಲೊ, ಎಲ್ಲಿಗೆ ಹೋತು?" ಸಾಹುಕಾರರು ಎಲ್ಲರೆದುರೇ ಕೇಳಿದರು. "ಕಂಪ್ಯೂಟರ್ ಸುಳ್ಳ ಹೇಳತೈತೇನು? ನಾಳಿಂದ ಬರಬ್ಯಾಡ."

ಇಮಾಮಸಾಬ ಹೆಗಲ ಟವೆಲ್ಲು ಕೈಗೆ ತೆಗೆದುಕೊಂಡ. "ಒಂದ್ ಹನಿ ಮುಟ್ಟಿದ್ರ ಅಲ್ಲಾನಾಣಿ, ಸಾಹುಕಾರ್ರ. ಕಳ್ಳ ಅನ್ನಿಸ್ಕೊಂಡು ಮನೀಗೆ ಹೆಂಗ ಹೋಗ್ಲಿ? ಹಳೇದನ್ನ ಒಂದ್ಸಲ ಕೂಡ್ಸಿ ನೋಡ್ರಿ."

ಅಬ್ಬಾ, ನನ್ನನ್ನು ನೆನೆದ! ಮೊದಲು ಹೊಸದರಿಂದ ಇಪ್ಪತ್ತು ಲೀಟರಿನ ಅಳತೆಯ ಕ್ಯಾನಿಗೆ ಹಿಡಿದರು. ಕೆಂಪು ಅಂಕಿ ಇಪ್ಪತ್ತು ಎಂದಿತು, ಕ್ಯಾನು ನಾಲ್ಕು ಬೆರಳು ಖಾಲಿ. ಆಮೇಲೆ ಮೇಸ್ತ್ರಿ ದುರಗಪ್ಪ ನನ್ನನ್ನೂ ಡಬ್ಬಿಯನ್ನೂ ಕೂಡಿಸಿದ. ನಾನು ಇಪ್ಪತ್ತು ಎಂದಾಗ ಕ್ಯಾನು ಗೆರೆಗೆ ಸರಿಯಾಗಿ ತುಂಬಿತ್ತು. ಇಮಾಮಸಾಬ ಅತ್ತೇಬಿಟ್ಟ. ಹೊಸದರ ಮುಖ ನೋಡಬೇಕಿತ್ತು ನೀವು!

ದುರಗಪ್ಪ ಅಷ್ಟಕ್ಕೇ ಸುಮ್ಮನಿರಬೇಕಲ್ಲ? "ತಡೀರಿ" ಎಂದವನೇ ನನ್ನನ್ನು ಬಿಚ್ಚಿ, ಡಬ್ಬಿಗೆ ಹೊಸದನ್ನು ಕೂಡಿಸಿದ. ಕ್ಯಾನು ಮತ್ತೆ ಗೆರೆಗೆ ಸರಿಯಾಗಿ ತುಂಬಿತು. "ಗಾಳೀನೂ ಡೀಸೆಲ್ ಅಂತ ಎಣಸಾಕತ್ತಿತ್ರಿ ಇದು. ಬೇಕಾಗಿದ್ದು ಈ ಡಬ್ಬಿ ಅಷ್ಟ."

"ತಪ್ಪಾತಪಾ ಇಮಾಮ" ಎಂದು ಸಾಹುಕಾರರು ಅವನ ಕೈ ಹಿಡಿದುಕೊಂಡರು.

ನಿಜ ಹೇಳಬೇಕೆಂದರೆ, ಡಬ್ಬಿ ಇಲ್ಲದಿದ್ದರೆ ನಾನೂ ಗಾಳಿಯನ್ನೇ ಎಣಿಸುತ್ತಿದ್ದೆ. ಈಗ ತೇಗುವ ಡಬ್ಬಿಗೂ ಕೆಲಸವಿದೆ, ನಾನೊಬ್ಬನೇ ಹಲಗೆಯ ಮೇಲೆ. ಹೊಟ್ಟೆಕಿಚ್ಚು ಒಂದಿದ್ದದ್ದು ಎರಡಾಗಿದೆ.

ಇಮಾಮಸಾಬ ಕೆಲಸದಲ್ಲಿ ಉಳಿದ. ದಿನಾ ಬೆಳಿಗ್ಗೆ ಬಂದು ಹೊಸದರ ಗುಂಡಿ ಒತ್ತುತ್ತಾನೆ. ಆಮೇಲೆ ಹಲಗೆಯ ಹತ್ತಿರ ಬಂದು ನನ್ನ ಹಿಡಿ ತಿರುಗಿಸುತ್ತಾನೆ. ನನ್ನ ಅಂಕಿಗಳು ಮೊದಲೇ ಸೊನ್ನೆಯಲ್ಲಿರುತ್ತವೆ. ಆದರೂ ತಿರುಗಿಸಿ "ಬಿಸ್ಮಿಲ್ಲಾ" ಎನ್ನುತ್ತಾನೆ. ಹೊಸದಕ್ಕೆ ಹಾಗೆ ಹೇಳಿದ್ದನ್ನು ಈವರೆಗೆ ಕೇಳಿಲ್ಲ. ದಿನಾ ಕಿವಿಗೊಟ್ಟೇ ಕೂತಿರುತ್ತೇನೆ.